ಮಾತಿನ ಮನೆತನ

ಇಂಗ್ಲಿಷ್ ಭಾಷೆಯನ್ನು ಕಲಿಯುವ ನಮ್ಮ ಹುಡುಗರಿಗೆ ಕ್ರಿಯಾಪದವೆಂದರೆ ಭಯ; ವಿಭಕ್ತಿಯ ಕೆಲಸವನ್ನು ಮಾಡುವ ಚಿಕ್ಕ ಚಿಕ್ಕ ಅವ್ಯಯಗಳೆಂದರೆ ಅದಕ್ಕಿಂತಲೂ ಭಯ. ನಾಮಪದದ ವಿಷಯದಲ್ಲಿ ಮಾತ್ರ ಅವರು ನಿಶ್ಚಿಂತರು. ಒಂದು ವಸ್ತು, ಅದಕ್ಕೊಂದು ಹೆಸರು; ಹೆಸರನ್ನು ಬಾಯಿಪಾಠ ಮಾಡಿದರೆ ವಸ್ತುವು ಕೈಸೇರಿದಂತೆಯೇ ಎಂದು ಅವರ ಎಣಿಕೆ. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಆ ಭಾಷೆಯನ್ನು ಪಾಠ ಹೇಳಿದ ನನ್ನ ಅನುಭವವು ಇದಕ್ಕೆ ವಿರುದ್ಧವಾಗಿದೆ. ಅಪರಿಚಿತವಾದ ಪದವು ಓದುಗನಿಗೆ ಮೋಸ ಮಾಡುವುದಿಲ್ಲ. ಅದು ಎದುರಿಗೆ ಬಂದೊಡನೆ ಆತನು ಕೋಶವನ್ನು ತೆರೆಯುತ್ತಾನೆ. ಮೋಸ ಮಾಡುವುದು ಬಾಲ್ಯದಿಂದಲೂ ಪರಿಚಿತವಾದ ಪದ. ಮೂರಕ್ಷರದ, ನಾಲ್ಕಕ್ಷರದ, ದಿನವೂ ಬಾಯಲ್ಲಿ ಆಡುವ ಆ ಪದವನ್ನು ಕುರಿತು ಯಾರಿಗೂ ಸಂದೇಹವೇ ಹುಟ್ಟುವುದಿಲ್ಲ. ಸಂದೇಹವಿಲ್ಲದೆಡೆಯಲ್ಲಿ ವಿಚಾರವೆಲ್ಲಿಯದು?

ಒಂದು ಪದಕ್ಕೆ ಹಲವು ಅರ್ಥಗಳಿರುವುದು ನಮಗೆ ಹೊಸ ಸಂಗತಿಯೇನೂ ಅಲ್ಲ. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥಗಳಿಗೆಂದೇ ಒಂದು ವರ್ಗವನ್ನು ಮೀಸಲಾಗಿಟ್ಟಿದ್ದಾನೆ. ಕನ್ನಡದಲ್ಲಿ ಎರಡನೆಯ ನಾಗವರ್ಮನೂ ತನ್ನ ‘ಅಭಿಧಾನ ವಸ್ತುಕೋಶ’ದಲ್ಲಿ ನಾನಾರ್ಥಕಾಂಡವನ್ನು ಬೇರೆಯಾಗಿಯೇ ರಚಿಸಿದ್ದಾನೆ. ‘ಹರಿ’ ಎಂಬ ಒಂದೇ ಪದವು ವಿಷ್ಣುವನ್ನೂ ಇಂದ್ರನನ್ನೂ ಸೂರ್ಯನನ್ನೂ ಸಿಂಹವನ್ನೂ ಕುದುರೆಯನ್ನೂ ಕಪಿಯನ್ನೂ ಕಪ್ಪೆಯನ್ನೂ ಹೇಳಬಲ್ಲುದು. ‘ಕರ’ವೆಂದರೆ ಕೈ, ಕಿರಣ, ಕಂದಾಯ. ನಮ್ಮ ಕವಿಗಳು ಇದನ್ನೇ ಬಂಡವಾಳ ಮಾಡಿಕೊಂಡು ಶ್ಲೇಷೆಯ ಅರಮನೆಗಳನ್ನು ಕಟ್ಟಿದರು. ಆದರೆ ನಮ್ಮ ಹಿರಿಯರು ನಾನಾರ್ಥವನ್ನು ನಾನಾರ್ಥವೆಂದು ತಿಳಿದೇ ಕಲಿತರು. ನಾವು ಇಂಗ್ಲಿಷನ್ನು ಕಲಿತ ಬಗೆ ಹಾಗಲ್ಲ. ಪದದ ಎದುರಿಗೆ ಒಂದು ಕನ್ನಡ ಪದವನ್ನು ಬರೆದುಕೊಂಡು, ನಡುವೆ ಎರಡು ಅಡ್ಡಗೆರೆಗಳನ್ನು ಎಳೆದು, ಲೆಕ್ಕವು ಮುಗಿಯಿತೆಂದು ಪುಸ್ತಕವನ್ನು ಮುಚ್ಚಿದೆವು.

ಮೊದಲು ಒಂದು ಭೇದವನ್ನು ಗಮನಿಸಬೇಕು. ಒಂದೇ ರೂಪದ ಪದಕ್ಕೆ ಎರಡು ಅರ್ಥಗಳಿದ್ದರೆ ಅದಕ್ಕೆ ಎರಡು ಬೇರೆ ಕಾರಣಗಳಿರಬಹುದು. ಕನ್ನಡದಲ್ಲಿ ‘ಅರಸು’ ಎಂದರೆ ರಾಜ. ‘ಅರಸು’ ಎಂದರೆ ಹುಡುಕು. ಇವೆರಡಕ್ಕೂ ನೆಂಟತನವಿಲ್ಲ; ಎಲ್ಲಿಂದಲೋ ಬಂದ ಇಬ್ಬರು ಸಂತೆಯಲ್ಲಿ ಒಂದೇ ಬಣ್ಣದ ಪಂಚೆಯನ್ನು ಉಟ್ಟು ನಿಂತಂತೆ. ‘ತಲೆ’ಯ ಸಂಗತಿಯು ಹಾಗಲ್ಲ. ದೇಹದ ತಲೆ, ಮನೆಗೆ ಎಷ್ಟು ತಲೆಯೆಂದು ಎಣಿಸುವ ತಲೆ, ತಲೆಬಾಗಿಲಿನ ತಲೆ, ಏಳು ತಲೆಗೆ ಸಾಲುವ ಆಸ್ತಿಯ ತಲೆ, ಇವೆಲ್ಲ ಒಂದೇ ಬೇರಿನ ಕೊಂಬೆಗಳು. ಇಂಗ್ಲಿಷಿನಲ್ಲಿಯೂ ಹೀಗೆಯೇ. ಬೆಂಕಿಪೆಟ್ಟಿಗೆಯ ‘ಮ್ಯಾಚ್’ ಎಂಬುದು ದೀಪದ ಬತ್ತಿಯೆಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದಿತು. ಕ್ರಿಕೆಟ್ ಆಟದ ‘ಮ್ಯಾಚ್’ ಎಂಬುದು ಜೊತೆಗಾರ, ಸರಿಸಮಾನ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದಿತು. ವಧೂವರರ ಜೋಡಿಯನ್ನು ‘ಮ್ಯಾಚ್’ ಎನ್ನುವುದೂ ಈ ಎರಡನೆಯದರಿಂದಲೇ. ಹಾಗೆಯೇ ಹುಡುಗರ ಕೈಯಲ್ಲಿರುವ ‘ಬ್ಯಾಟ್’ ಒಂದು ಕುಲದ್ದು; ಸಂಜೆಯಲ್ಲಿ ಹಾರುವ ಬಾವಲಿಯ ಹೆಸರಾದ ‘ಬ್ಯಾಟ್’ ಬೇರೊಂದು ಕುಲದ್ದು. ಇಂಥವನ್ನು ನೆನಪಿಟ್ಟುಕೊಳ್ಳಬೇಕಾದುದೇ ಹೊರತು ವಿಚಾರಿಸಿ ತಿಳಿಯತಕ್ಕದ್ದು ಹೆಚ್ಚೇನೂ ಇಲ್ಲ. ಆದರೆ ಒಂದೇ ಬೇರಿನ ಪದಗಳ ಕಥೆ ಬೇರೆ. ಅಲ್ಲಿ ಒಂದು ಅರ್ಥದಿಂದ ಮತ್ತೊಂದಕ್ಕೆ ಹೋಗುವ ದಾರಿ ಇದೆ. ಆ ದಾರಿಯಲ್ಲಿ ಒಂದು ಜನಾಂಗದ ಸಂಸಾರವೇ ಕಾಣುತ್ತದೆ.

‘ಬೋರ್ಡ್’ ಎಂಬ ಪದವನ್ನು ತೆಗೆದುಕೊಳ್ಳೋಣ. ಅಂಗಡಿಯ ಮುಂದೆ ಬೋರ್ಡು ಉಂಟು. ಶಾಲೆಯ ಗೋಡೆಯ ಮೇಲೆ ಕರಿಯ ಬೋರ್ಡು ಉಂಟು. ಊಟ ವಸತಿಗಳ ಹೋಟೆಲಿಗೆ ಬೋರ್ಡಿಂಗು ಎಂಬ ಹೆಸರು ಉಂಟು. ದೊಡ್ಡ ಸಂಸ್ಥೆಗಳನ್ನು ನಡೆಯಿಸುವವರೂ ಒಂದು ಬೋರ್ಡು. ಒಬ್ಬ ವಿದ್ಯಾರ್ಥಿಯು, ಹಲಗೆಗೂ ಅನ್ನಕ್ಕೂ ಆಡಳಿತಕ್ಕೂ ಏನು ಸಂಬಂಧವೆಂದು ನನ್ನನ್ನು ಕೇಳಿದನು. ಸಂಬಂಧವು ಹಲಗೆಯೇ. ಹಳೆಯ ಇಂಗ್ಲೆಂಡಿನ ಮನೆಗಳಲ್ಲಿ ಹಲಗೆಗಳನ್ನು ಜೋಡಿಸಿ ಊಟದ ಮೇಜನ್ನು ಮಾಡುತ್ತಿದ್ದರು. ಹಲಗೆಯ ಹೆಸರು ಮೇಜಿಗೆ ಬಂದಿತು. ಮೇಜಿನ ಹೆಸರು ಅದರ ಮೇಲೆ ಬಡಿಸಿದ ಊಟಕ್ಕೆ ಬಂದಿತು. ಮೇಜಿನ ಸುತ್ತ ಕುಳಿತು ಆಲೋಚಿಸುವವರಿಗೂ ಅದೇ ಹೆಸರಾಯಿತು. ಇದನ್ನು ಕೇಳಿ ನಗಬೇಕಾಗಿಲ್ಲ. ನಮ್ಮ ಮದುವೆಯ ಮನೆಗಳಲ್ಲಿ ‘ಮೊದಲ ಪಂಕ್ತಿಗೆ ಇನ್ನೂರು ಎಲೆಯಾಯಿತು’ ಎಂದರೆ ಇನ್ನೂರು ಜನರ ಊಟವಾಯಿತೆಂದೇ ಅರ್ಥವಲ್ಲವೆ? ಎಲೆಯು ಊಟವಾಗಬಹುದಾದರೆ ಹಲಗೆಯು ಏಕೆ ಆಗಬಾರದು?

‘ಬ್ಯಾಂಕ್’ ಎಂಬ ಪದವೂ ಈ ಜಾತಿಯದೇ. ಇಟಲಿಯ ಪಟ್ಟಣಗಳಲ್ಲಿ ನಾಣ್ಯ ವಿನಿಮಯ ಮಾಡುವವರು ಒಂದು ಬೆಂಚನ್ನು ಮುಂದಿಟ್ಟುಕೊಂಡು ವ್ಯವಹಾರ ನಡೆಸುತ್ತಿದ್ದರು. ಬೆಂಚಿಗೆ ಅವರ ಭಾಷೆಯಲ್ಲಿ ‘ಬಾಂಕಾ’ ಎಂದು ಹೆಸರು. ಆ ಬೆಂಚೇ ಬೆಳೆದು ಇಂದಿನ ಬ್ಯಾಂಕಾಯಿತು. ದಿವಾಳಿಯೆಂಬ ಅರ್ಥದ ‘ಬ್ಯಾಂಕ್ರಪ್ಟ್’ ಎಂಬ ಪದದಲ್ಲಿ ಮುರಿದ ಬೆಂಚು ಇನ್ನೂ ಉಳಿದುಕೊಂಡಿದೆ. ನದಿಯ ದಂಡೆಯನ್ನು ಹೇಳುವ ‘ಬ್ಯಾಂಕ್’ ಉತ್ತರ ದೇಶದ ಭಾಷೆಗಳಿಂದ ಬೇರೆ ದಾರಿಯಲ್ಲಿ ಬಂದುದು. ಆದರೂ ಬಹು ದೂರದ ಪೂರ್ವಕಾಲಕ್ಕೆ ಹೋದರೆ ದಿಬ್ಬಕ್ಕೂ ಬೆಂಚಿಗೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೀಗೆ ಅಗಲಿಹೋದ ದಾಯಾದಿಗಳು ಮತ್ತೆ ಒಂದೇ ಸೂರಿನಡಿಯಲ್ಲಿ ಸೇರಿದ್ದಾರೆ. ರಕ್ತವನ್ನು ಸಂಗ್ರಹಿಸಿಡುವ ಸ್ಥಳಕ್ಕೂ ಇಂಗ್ಲಿಷರು ‘ಬ್ಯಾಂಕ್’ ಎನ್ನುತ್ತಾರೆ. ನಾವು ಅದನ್ನು ‘ರಕ್ತನಿಧಿ’ಯೆಂದು ಕರೆದೆವು. ಬೆಂಚನ್ನು ಬಿಟ್ಟು, ಕಾಪಾಡಿ ಇಡುವುದೆಂಬ ಸಾರವನ್ನು ಮಾತ್ರ ಹಿಡಿದುದರಿಂದ ಆ ಅನುವಾದವು ಹಿತವಾಗಿದೆ.

‘ಸ್ಪ್ರಿಂಗ್’ ಎಂಬ ನಾಮಪದವು ವಸಂತ ಋತುವಿಗೂ ನೀರಿನ ಬುಗ್ಗೆಗೂ ಗಡಿಯಾರದೊಳಗಿನ ಉಕ್ಕಿನ ಸುರುಳಿಗೂ ಹೆಸರು. ಮೂರನ್ನೂ ಬೇರೆ ಬೇರೆಯಾಗಿ ಉರುಹೊಡೆದರೆ ಮೂರು ಹೊರೆ. ಚಿಮ್ಮುವುದು ಎಂಬ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊರೆಯೇ ಇಲ್ಲ. ನೆಲದಿಂದ ನೀರು ಚಿಮ್ಮುತ್ತದೆ. ಕೊಂಬೆಯಿಂದ ಚಿಗುರು ಚಿಮ್ಮುತ್ತದೆ. ಒತ್ತಿ ಬಿಟ್ಟ ಸುರುಳಿಯು ಚಿಮ್ಮುತ್ತದೆ. ‘ಕೋರ್ಟ್’ ಎಂಬುದು ಮೊದಲು ಗೋಡೆಯಿಂದ ಸುತ್ತುವರಿದ ಅಂಗಳ. ಅನಂತರ ಅರಸನ ಅರಮನೆ ಮತ್ತು ಆಸ್ಥಾನ. ಅರಸನು ನ್ಯಾಯವನ್ನು ಹೇಳುತ್ತಿದ್ದುದರಿಂದ ನ್ಯಾಯಸ್ಥಾನ. ಟೆನಿಸ್ ಆಡುವ ಅಂಗಳದಲ್ಲಿ ಅದರ ಮೊದಲ ಅರ್ಥವೇ ನಿಂತಿದೆ. ನಮ್ಮ ‘ಕಚೇರಿ’ಯನ್ನು ನೋಡಿ: ಅಮಲ್ದಾರರು ಕುಳಿತರೂ ಕಚೇರಿ, ವಿದ್ವಾಂಸರು ಕುಳಿತು ತೋಡಿರಾಗವನ್ನು ಹಾಡಿದರೂ ಕಚೇರಿ. ಪರದೇಶದವನೊಬ್ಬನು ಕನ್ನಡವನ್ನು ಕಲಿಯಲು ಬಂದರೆ ಆತನಿಗೂ ನಮ್ಮಷ್ಟೇ ಕಷ್ಟವಿದೆ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ‘ಪ್ಯೂಪಿಲ್’. ಶಿಷ್ಯನಿಗೂ ಅದೇ ಹೆಸರು. ಕಣ್ಣಿನ ಕಪ್ಪು ಬೊಟ್ಟಿಗೂ ಅದೇ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಚಿಕ್ಕ ಹುಡುಗಿಗೂ ಬೊಂಬೆಗೂ ಇದ್ದ ಪದವೇ ಇದರ ಮೂಲ. ಹುಡುಗರನ್ನು ಹೇಳುವ ಪದವು ಶಿಷ್ಯರನ್ನು ಹೇಳುವುದಾಯಿತು, ಅದು ಸುಲಭ. ಕಣ್ಣಿಗೆ ಬಂದುದು ಹೇಗೆ? ಎದುರಿಗೆ ಕುಳಿತವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರ ನಡುವೆ ನಮ್ಮದೇ ಪ್ರತಿಬಿಂಬವು ಚಿಕ್ಕ ಬೊಂಬೆಯಂತೆ ಕಾಣುತ್ತದೆ. ಆದುದರಿಂದ ಅದು ಬೊಂಬೆ. ಗ್ರೀಕರೂ ಹುಡುಗಿಯೆಂಬ ಪದವನ್ನೇ ಕಣ್ಣಿನ ಆ ಭಾಗಕ್ಕೆ ಇಟ್ಟರು. ಸಂಸ್ಕೃತದ ‘ಕನೀನಿಕೆ’ಗೂ ಚಿಕ್ಕ ಹುಡುಗಿಯೆಂದೂ ಕಣ್ಣಿನ ಬೊಂಬೆಯೆಂದೂ ಎರಡು ಅರ್ಥ. ಕನ್ನಡದ ‘ಪಾಪೆ’ಯೂ ಹಾಗೆಯೇ: ಬೊಂಬೆಯೂ ಪಾಪೆ, ಕಣ್ಣಿನೊಳಗಿನದೂ ಪಾಪೆ. ರೋಮಿನ ತಾಯಿಯೂ ನಮ್ಮ ಹಳ್ಳಿಯ ತಾಯಿಯೂ ತಮ್ಮ ಮಗುವಿನ ಕಣ್ಣಿನೊಳಗೆ ಕಂಡದ್ದು ಒಂದನ್ನೇ. ಇದನ್ನು ತಿಳಿದ ಮೇಲೆ ಆ ಪದವು ನನಗೆ ಪರಭಾಷೆಯದೆಂದು ತೋರಲಿಲ್ಲ.

ಪ್ರಾಣಿಗಳ ಹೆಸರನ್ನು ಉಪಕರಣಗಳಿಗೆ ಇಡುವುದೂ ಎಲ್ಲ ದೇಶದವರ ಸ್ವಭಾವ. ವೀಣೆಯ ತಂತಿಗಳನ್ನು ಹೊರುವ ಮರದ ತುಂಡು ನಮಗೆ ಕುದುರೆ; ಬಂದೂಕಿಗೂ ಒಂದು ಕುದುರೆ ಉಂಟು. ಇಂಗ್ಲಿಷರಿಗೆ ಬಟ್ಟೆ ಒಣಗಿಸುವ ಚೌಕಟ್ಟೂ ಮರ ಕೊಯ್ಯುವಾಗ ಆಧಾರ ಕೊಡುವ ಕಾಲುಮಣೆಯೂ ಕುದುರೆಗಳು. ಭಾರವನ್ನೆತ್ತುವ ಯಂತ್ರಕ್ಕೆ ನೀಳವಾದ ಕೊರಳಿನ ಹಕ್ಕಿಯ ಹೆಸರಾದ ‘ಕ್ರೇನ್’ ಎಂಬುದನ್ನು ಇಟ್ಟರು. ಗ್ರೀಕರು ಅವರಿಗಿಂತ ಮೊದಲೇ ಹಾಗೆ ಮಾಡಿದ್ದರು. ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟನೂ ಆತನ ಸಂಗಡಿಗರೂ 1960ರ ದಶಕದಲ್ಲಿ ಗಣಕಯಂತ್ರಕ್ಕೆ ಒಂದು ಹೊಸ ಕೈಸಾಧನವನ್ನು ಕಂಡುಹಿಡಿದರು. ಅದಕ್ಕೆ ಬಾಲದಂತೆ ಒಂದು ತಂತಿ ಇದ್ದಿತು; ಇಲಿಯೆಂದು ಕರೆದರು. 1968ರಲ್ಲಿ ಸಭೆಯ ಎದುರಿಗೆ ಅದನ್ನು ತೋರಿಸಿದರು. ಇಂದು ತಂತಿಯಿಲ್ಲದ ಇಲಿಗಳೂ ಬಂದಿವೆ. ಬಾಲವು ಹೋದರೂ ಹೆಸರು ಉಳಿಯಿತು. ಪದಗಳ ಲೋಕದಲ್ಲಿ ಇದು ಸಾಮಾನ್ಯವಾದ ನಡತೆ.

ವಿಜ್ಞಾನದ ಪದಗಳು ಎಲ್ಲಿಂದಲೋ ಇಳಿದುಬಂದವು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಅವುಗಳಲ್ಲಿ ಬಹುಪಾಲು ಮನೆಯ ಪದಗಳೇ. ‘ಸೆಲ್’ ಎಂದರೆ ಚಿಕ್ಕ ಕೋಣೆ. ಸನ್ಯಾಸಿಗಳ ಮಠದಲ್ಲಿ ಒಬ್ಬೊಬ್ಬರಿಗೆ ಒಂದೊಂದಾಗಿ ಇರುವಂಥದು. ಸೆರೆಮನೆಯ ಕೋಣೆಗೂ ಅದೇ ಹೆಸರಾಯಿತು. ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಬಿರಡೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಜೇನುಹುಟ್ಟಿನಲ್ಲಿರುವಂತೆ ಸಣ್ಣ ಸಣ್ಣ ಕೋಣೆಗಳು ಕಂಡವು; 1665ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನ್ನು ‘ಸೆಲ್’ ಎಂದು ಕರೆದನು. ಜೀವಶಾಸ್ತ್ರದ ಮುಖ್ಯವಾದ ಪದವು ಹೀಗೆ ಹುಟ್ಟಿತು. ನಮ್ಮ ಜೇಬಿನಲ್ಲಿರುವ ದೂರವಾಣಿಗೂ ‘ಸೆಲ್’ ಎಂಬ ಹೆಸರು ಬಂದುದು, ಆ ಸೌಕರ್ಯಕ್ಕಾಗಿ ಊರುಗಳನ್ನು ಚಿಕ್ಕ ಚಿಕ್ಕ ಪ್ರದೇಶಗಳಾಗಿ, ಕೋಣೆ ಕೋಣೆಯಾಗಿ, ವಿಂಗಡಿಸಿ ಒಂದೊಂದಕ್ಕೂ ಒಂದು ಗೋಪುರವನ್ನು ನಿಲ್ಲಿಸುವುದರಿಂದ. ಸನ್ಯಾಸಿ, ಸೆರೆಯಾಳು, ಜೀವಾಣು, ದೂರವಾಣಿ ಇವರೆಲ್ಲ ಒಂದೇ ಮನೆಯ ಬಾಡಿಗೆದಾರರು. ನಾವು ಇದನ್ನು ‘ಜೀವಕೋಶ’ವೆಂದು ಅನುವಾದಿಸಿದಾಗ ಇಟ್ಟ ‘ಕೋಶ’ವಾದರೂ ಏಕಾರ್ಥದ್ದೆ? ಹೂವಿನ ಮೊಗ್ಗು, ಕತ್ತಿಯ ಒರೆ, ಅರಸನ ಬೊಕ್ಕಸ, ಪದಗಳ ನಿಘಂಟು, ಎಲ್ಲವೂ ಕೋಶವೇ. ಒಳಗೆ ಏನನ್ನೋ ಇಟ್ಟುಕೊಂಡು ಮುಚ್ಚಿರುವುದು ಎಂಬ ಭಾವವು ಎಲ್ಲದರಲ್ಲಿಯೂ ಇದೆ.

ಇವೆಲ್ಲ ಪಂಡಿತರ ವಿನೋದ, ಸಂಸಾರಿಗಳಿಗೆ ಇದರಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವಾಗಿ, ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ನಮ್ಮ ಮನೆಗೆ ನಾಲ್ಕು ಮನೆಗಳಾಚೆ ಒಬ್ಬ ವೃದ್ಧೆಯವರು ಇದ್ದಾರೆ. ಅವರ ಯಜಮಾನರು ತೀರಿಕೊಂಡು ಆಗ ಎರಡು ತಿಂಗಳಾಗಿದ್ದಿತು. ಇದ್ದುದು ಒಬ್ಬಳೇ ಮಗಳು. ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಒಂದು ದಿನ ಮಧ್ಯಾಹ್ನ ಆ ತಾಯಿ ಒಂದು ಹಳೆಯ ಕಾಗದದ ಸುರುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಯಜಮಾನರ ಚಿಕ್ಕಪ್ಪನವರು 1958ರಲ್ಲಿ ಬರೆಯಿಸಿದ ಉಯಿಲು ಅದು, ಇಂಗ್ಲಿಷಿನಲ್ಲಿದ್ದಿತು. ಮನೆಯನ್ನು ಅಣ್ಣನ ಮಗನಿಗೆ ಕೊಟ್ಟು, ಆತನು ‘ಇಷ್ಯೂ’ ಇಲ್ಲದೆ ಮೃತನಾದ ಪಕ್ಷದಲ್ಲಿ ಮನೆಯು ತಮ್ಮನ ವಂಶಕ್ಕೆ ಸೇರತಕ್ಕದ್ದೆಂದು ಬರೆದಿದ್ದರು. ಆ ತಮ್ಮನ ಮೊಮ್ಮಗನೊಬ್ಬನು ಬೆಂಗಳೂರಿನಿಂದ ಬಂದು ಇದನ್ನು ಓದಿ ಅರ್ಥ ಹೇಳಿದ್ದನು. ಆತನ ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ‘ಇಷ್ಯೂ’ ಎಂಬ ಮಾತು ಕಿವಿಗೆ ಬೀಳುವುದು. ಅಲ್ಲಿ ಅದಕ್ಕೆ ತೊಂದರೆ, ತಕರಾರು ಎಂದು ಅರ್ಥ. ಆದುದರಿಂದ, ಯಾವ ತಕರಾರೂ ಇಲ್ಲದೆ ದೊಡ್ಡಪ್ಪನು ತೀರಿಕೊಂಡಿದ್ದಾನೆ, ಮನೆಯು ನಮ್ಮ ಕಡೆಗೆ ಬರಬೇಕು ಎಂದು ಆತನು ಹೇಳಿದನು. ಹುಡುಗನಲ್ಲಿ ಕಪಟವಿರಲಿಲ್ಲ, ತನಗೆ ತಿಳಿದ ಅರ್ಥವನ್ನೇ ಹೇಳಿದನು. ವೃದ್ಧೆಯವರೂ ಅದನ್ನು ನಂಬಿದರು.

“ಮೇಷ್ಟ್ರೇ, ನಮ್ಮವರು ಒಂದು ದಿನವಾದರೂ ಯಾರೊಡನೆಯೂ ತಕರಾರು ಮಾಡಿದವರಲ್ಲ. ನಿಮಗೇ ಗೊತ್ತು. ಮಾಡಿದ್ದರೆ ಈ ಮನೆ ಉಳಿಯುತ್ತಿತ್ತೆ?” ಎಂದರು.

ಆ ಪ್ರಶ್ನೆಯನ್ನು ನಾನು ಈವರೆಗೂ ಮರೆತಿಲ್ಲ. ಐವತ್ತು ವರ್ಷ ಕೂಡಿ ಬಾಳಿದ ಗಂಡನ ಸಾಧುತನವನ್ನೇ ದೋಷವೆಂದು ಎಣಿಸುವ ಸ್ಥಿತಿಗೆ ಆಕೆಯನ್ನು ತಂದುದು ಒಂದು ನಾಮಪದ.

“ತಾಯೀ, ಇದು ತಕರಾರಿನ ಮಾತಲ್ಲ, ಸಂತಾನದ ಮಾತು. ಮಕ್ಕಳಿಲ್ಲದೆ ತೀರಿಕೊಂಡರೆ ಎಂದು ಬರೆದಿದ್ದಾರೆ” ಎಂದೆನು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಳಾದರೆ ಲೆಕ್ಕಕ್ಕೆ ಬರುವಳೆ?” ಎಂದು ಕೇಳಿದರು. ಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ನಾನು ಹೇಳಿದೆನು. ಆದರೆ ಪದದ ಅರ್ಥವನ್ನು ಹೇಳುವುದು ಮೇಷ್ಟರ ಕೆಲಸ. ದಸ್ತಾವೇಜಿನ ಅರ್ಥವನ್ನು ಹೇಳುವುದು ವಕೀಲರ ಕೆಲಸ. ಮರುದಿನ ಅವರನ್ನೂ ಆ ತರುಣನನ್ನೂ ಕರೆದುಕೊಂಡು ಪರಿಚಯದ ವಕೀಲರೊಬ್ಬರ ಬಳಿಗೆ ಹೋದೆನು. ಅವರು ಆ ಪಂಕ್ತಿಯನ್ನು ಎರಡು ಸಲ ಓದಿ, ಮಗಳಿರುವುದರಿಂದ ಆ ಷರತ್ತು ಇಲ್ಲಿ ಹುಟ್ಟುವುದೇ ಇಲ್ಲವೆಂದರು. ತರುಣನು ಹೊರಗೆ ಬಂದು, “ದೊಡ್ಡಮ್ಮಾ, ನೀವು ಇದ್ದಲ್ಲಿಯೇ ಇರಿ” ಎಂದು ಹೇಳಿ ಅವರ ಕಾಲಿಗೆ ನಮಸ್ಕರಿಸಿದನು. ಆ ತಾಯಿ ಈಗಲೂ ಅದೇ ಮನೆಯಲ್ಲಿದ್ದಾರೆ.

ಈ ‘ಇಷ್ಯೂ’ ಎಂಬ ಪದವು ಹೊರಕ್ಕೆ ಹೋಗುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚ್ ಭಾಷೆಯ ಮೂಲಕ ಬಂದುದು. ಹೊರಬಂದದ್ದೆಲ್ಲವೂ ‘ಇಷ್ಯೂ’. ಒಡಲಿನಿಂದ ಹೊರಬಂದರೆ ಸಂತಾನ. ಗಾಯದಿಂದ ಹೊರಬಂದರೆ ಸ್ರಾವ. ಅಚ್ಚುಕೂಟದಿಂದ ಹೊರಬಂದರೆ ಸಂಚಿಕೆ. ವಾದಿಪ್ರತಿವಾದಿಗಳ ಹೇಳಿಕೆಗಳಿಂದ ತೀರ್ಮಾನಕ್ಕಾಗಿ ಹೊರಬಿದ್ದ ಪ್ರಶ್ನೆಯನ್ನು ನ್ಯಾಯಸ್ಥಾನದಲ್ಲಿ ‘ಇಷ್ಯೂ’ ಎನ್ನುತ್ತಾರೆ. ಕನ್ನಡದಲ್ಲಿ ಅದು ವಿವಾದಾಂಶ. ಈ ವಿವಾದದ ಅರ್ಥವೇ ಸವೆದು ಸವೆದು ಇಂದಿನ ಕಚೇರಿಗಳ ತೊಂದರೆಯ ಅರ್ಥವಾಗಿದೆ. ವಾಚಕರ ಕೈಯಲ್ಲಿರುವ ಈ ಪತ್ರಿಕೆಯೂ ಒಂದು ‘ಇಷ್ಯೂ’ವೇ. ನಮ್ಮ ‘ಉಯಿಲು’ ಎಂಬುದನ್ನೂ ನೋಡಿರಿ. ಅದು ಇಂಗ್ಲಿಷಿನ ‘ವಿಲ್’. ಆ ಭಾಷೆಯಲ್ಲಿ ಅದಕ್ಕೆ ಇಚ್ಛೆ, ಸಂಕಲ್ಪ ಎಂಬ ಅರ್ಥಗಳು ಮುಖ್ಯವಾಗಿದ್ದು, ಅಂತಿಮ ಇಚ್ಛೆಯನ್ನು ಬರೆದ ಪತ್ರವೆಂಬುದು ಅನಂತರದ್ದು. ನಮ್ಮಲ್ಲಿಗೆ ಬಂದುದು ಪತ್ರ ಮಾತ್ರ. ಇಚ್ಛೆಯು ಅಲ್ಲಿಯೇ ಉಳಿಯಿತು. ಎರವಲು ಪದಗಳು ಸಾಮಾನ್ಯವಾಗಿ ಒಂದೇ ಉಡುಗೆಯಲ್ಲಿ ನಮ್ಮ ಮನೆಗೆ ಬರುತ್ತವೆ. ಆ ಉಡುಗೆಯನ್ನೇ ಅವುಗಳ ಸರ್ವಸ್ವವೆಂದು ತಿಳಿದರೆ, ತವರಿನಲ್ಲಿ ಅವುಗಳನ್ನು ಕಂಡಾಗ ಗುರುತು ತಪ್ಪುತ್ತದೆ.

ಆಸ್ಪತ್ರೆಯ ಕಾಗದಗಳಲ್ಲಿಯೂ ಇದೇ ಅಪಾಯ. ‘ಗ್ರೋತ್’ ಎಂದರೆ ಬೆಳವಣಿಗೆ. ಮಗುವಿನ ವಿಷಯದಲ್ಲಿ ಅದು ಸಂತೋಷದ ಮಾತು, ವೈದ್ಯರ ವರದಿಯಲ್ಲಿ ಅದು ಗಂಟನ್ನು ಸೂಚಿಸುವ ಮಾತು. ‘ಡಿಸ್ಚಾರ್ಜ್’ ಎಂದರೆ ರೋಗಿಯನ್ನು ಮನೆಗೆ ಕಳುಹಿಸುವುದೂ ಹೌದು, ಕಿವಿಯಿಂದಲೋ ಗಾಯದಿಂದಲೋ ಕೀವು ಸೋರುವುದೂ ಹೌದು. ‘ಕಂಪ್ಲೇಂಟ್’ ಎಂಬುದನ್ನು ದೂರು ಎಂದೇ ತಿಳಿದವನು, ರೋಗಿಯ ‘ಕಂಪ್ಲೇಂಟ್’ ಏನೆಂದು ವೈದ್ಯರು ಬರೆದಿದ್ದರೆ, ನಾವು ಯಾರ ಮೇಲೂ ದೂರು ಕೊಟ್ಟಿಲ್ಲವಲ್ಲ ಎಂದು ಗಾಬರಿಪಡುವನು. ಅದು ಅಲ್ಲಿ ರೋಗಿಯು ಹೇಳಿಕೊಂಡ ಬಾಧೆ. ಇಂಥ ಕಾಗದಗಳನ್ನು ಮನೆಯ ಹಿರಿಯರಿಗೆ ಓದಿ ಹೇಳುವವರು ಸಾಮಾನ್ಯವಾಗಿ ಮನೆಯ ಮಕ್ಕಳು. ಅವರಿಗೆ ಅರ್ಥವೊಂದೇ ತಿಳಿದಿದ್ದರೆ ಅನರ್ಥಕ್ಕೆ ಎಡೆಯಾಗುತ್ತದೆ.

ಬಹುವಚನದ ಒಂದು ಅಕ್ಷರವೂ ಆ ಭಾಷೆಯಲ್ಲಿ ಅರ್ಥವನ್ನು ಬದಲಿಸಬಲ್ಲುದು. ‘ಕಸ್ಟಮ್’ ಎಂದರೆ ರೂಢಿ. ‘ಕಸ್ಟಮ್ಸ್’ ಎಂದರೆ ರೂಢಿಗಳೂ ಆಗಬಹುದು, ಸುಂಕವೂ ಆಗಬಹುದು, ಏಕೆಂದರೆ ಸುಂಕವು ರೂಢಿಯಿಂದ ಸಲ್ಲುತ್ತಿದ್ದ ಕಾಣಿಕೆ. ‘ಗ್ಲಾಸ್’ ಎಂದರೆ ಗಾಜು ಅಥವಾ ಲೋಟ; ‘ಗ್ಲಾಸಸ್’ ಎಂದರೆ ಕನ್ನಡಕವೂ ಹೌದು. ‘ಮಿನಿಟ್’ ಎಂದರೆ ನಿಮಿಷ; ಸಭೆಯ ‘ಮಿನಿಟ್ಸ್’ ಎಂದರೆ ನಡವಳಿಕೆಯ ಟಿಪ್ಪಣಿ. ಕನ್ನಡದಲ್ಲಿ ಬಹುವಚನವನ್ನು ಸೇರಿಸಿದರೆ ಒಬ್ಬರಿಗೆ ಗೌರವವು ಬರುತ್ತದೆ. ಇಂಗ್ಲಿಷಿನಲ್ಲಿ ಒಮ್ಮೊಮ್ಮೆ ವಸ್ತುವೇ ಬೇರೆಯಾಗುತ್ತದೆ. ಇನ್ನು ಎರಡು ಭಾಷೆಗಳ ಅರ್ಥವೃತ್ತಗಳು ಒಂದನ್ನೊಂದು ಅಡ್ಡಹಾಯುವುದೂ ಉಂಟು. ನಮ್ಮ ‘ಕಾಗದ’ವು ಬರೆಯುವ ಹಾಳೆಯೂ ಹೌದು, ಊರಿನಿಂದ ಬರುವ ಓಲೆಯೂ ಹೌದು. ಇಂಗ್ಲಿಷಿನ ‘ಪೇಪರ್’ ಹಾಳೆಯೂ ವೃತ್ತಪತ್ರಿಕೆಯೂ ಪ್ರಶ್ನಪತ್ರಿಕೆಯೂ ಆಗುವುದೇ ಹೊರತು ಓಲೆಯಾಗುವುದಿಲ್ಲ. ಓಲೆಗೆ ಅವರು ‘ಲೆಟರ್’ ಎನ್ನುತ್ತಾರೆ; ಅದು ಅಕ್ಷರವೂ ಹೌದು. ಊರಿನಿಂದ ತಂದೆಯ ಕಾಗದ ಬಂದಿತೆಂದು ಬರೆಯಬೇಕಾದ ಹುಡುಗನು ‘ಪೇಪರ್’ ಬಂದಿತೆಂದು ಬರೆದುದನ್ನು ನಾನು ಹಲವು ಉತ್ತರಪತ್ರಿಕೆಗಳಲ್ಲಿ ತಿದ್ದಿದ್ದೇನೆ.

ಹಾಗಾದರೆ ಇಷ್ಟೊಂದು ಅರ್ಥಗಳಲ್ಲಿ ಸರಿಯಾದುದನ್ನು ಆರಿಸುವ ಬಗೆ ಹೇಗೆ? ಇದಕ್ಕೆ ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಉತ್ತರ ಹೇಳಿದ್ದಾರೆ. 5ನೆಯ ಶತಮಾನದವನೆಂದು ವಿದ್ವಾಂಸರು ಎಣಿಸುವ ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ, ನಾನಾರ್ಥ ಪದದ ಅರ್ಥವನ್ನು ನಿಶ್ಚಯಿಸುವ ಕಾರಣಗಳನ್ನು ಸಂಯೋಗ, ವಿಯೋಗ, ಸಾಹಚರ್ಯ, ವಿರೋಧ, ಪ್ರಕರಣ ಮೊದಲಾಗಿ ಎಣಿಸಿದ್ದಾನೆ. ಶಂಖಚಕ್ರಗಳ ಸಂಗಡ ಬಂದ ಹರಿಯು ವಿಷ್ಣುವೇ, ಕಪ್ಪೆಯಲ್ಲ, ಇದು ಸಂಯೋಗ. ‘ಸೈಂಧವ’ಕ್ಕೆ ಉಪ್ಪು ಎಂದೂ ಕುದುರೆಯೆಂದೂ ಅರ್ಥವಿದೆ. ಊಟಕ್ಕೆ ಕುಳಿತವನು ಸೈಂಧವವನ್ನು ತರಹೇಳಿದರೆ ಉಪ್ಪನ್ನು ತರಬೇಕು, ಪಯಣಕ್ಕೆ ಹೊರಟವನು ಕೇಳಿದರೆ ಕುದುರೆಯನ್ನು ತರಬೇಕು, ಇದು ಪ್ರಕರಣ. ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞನಾದ ಜೆ. ಆರ್. ಫರ್ತನು 1957ರಲ್ಲಿ, ಪದವನ್ನು ಅದರ ಒಡನಾಡಿಗಳಿಂದ ತಿಳಿಯಬೇಕೆಂಬ ಅಭಿಪ್ರಾಯವನ್ನು ಬರೆದಾಗ ಸಾಹಚರ್ಯವನ್ನೇ ಬೇರೊಂದು ದಾರಿಯಿಂದ ಬಂದು ಮುಟ್ಟಿದನು. ಮೇಲೆ ಹೇಳಿದ ಉಯಿಲಿನಲ್ಲಿ ‘ಇಷ್ಯೂ’ವಿನ ಒಡನಾಡಿಗಳು ಯಾವುವು? ಮರಣ, ಮನೆ, ವಂಶ. ಅವುಗಳ ನಡುವೆ ನಿಂತ ಪದವು ಸಂತಾನವನ್ನು ಹೇಳದೆ ಕಚೇರಿಯ ತಕರಾರನ್ನು ಹೇಳೀತೆ?

ಎರಡನೆಯ ಉಪಾಯವು ಮೂಲಚಿತ್ರವನ್ನು ಹುಡುಕುವುದು. ಅದರ ರುಚಿಯನ್ನು ಮೇಲೆ ತೋರಿಸಿದ್ದೇನೆ. ಮೂರನೆಯದು ದೊಡ್ಡ ಕೋಶವನ್ನು ನೋಡುವುದು. ಆಕ್ಸ್‌ಫರ್ಡಿನ ಮಹಾಕೋಶದ ಮೊದಲ ಭಾಗವು 1884ರಲ್ಲಿ ಹೊರಬಂದು, ಕೊನೆಯದು 1928ರಲ್ಲಿ ಮುಗಿಯಿತು. ಮುಖ್ಯ ಸಂಪಾದಕನಾದ ಜೇಮ್ಸ್ ಮರೆಯು ಅದು ಮುಗಿಯುವುದನ್ನು ನೋಡಲಿಲ್ಲ, 1915ರಲ್ಲಿಯೇ ತೀರಿಕೊಂಡನು. ಆ ಕೋಶದಲ್ಲಿ ಒಂದೊಂದು ಪದದ ಅರ್ಥಗಳನ್ನೂ ಅವು ಹುಟ್ಟಿದ ಕ್ರಮದಲ್ಲಿ ಜೋಡಿಸಿರುತ್ತಾರೆ; ಪದದ ಜಾತಕವನ್ನು ಓದಿದಂತಾಗುವುದು. ಅಷ್ಟು ದೊಡ್ಡದು ಎಲ್ಲರಿಗೂ ಬೇಕಿಲ್ಲ. ನಮ್ಮಲ್ಲಿ ವಿಲಿಯಂ ರೀವನು 1824ರಲ್ಲಿ ಪ್ರಕಟಿಸಿದ ಇಂಗ್ಲಿಷ್–ಕನ್ನಡ ನಿಘಂಟಿನಿಂದ ಹಿಡಿದು ಇಂದಿನವರೆಗೆ ಎಷ್ಟೋ ಮಂದಿ ಶ್ರಮಪಟ್ಟಿದ್ದಾರೆ. ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿದ್ದರೆ ಸಾಕು. ಆದರೆ ಅದರಲ್ಲಿ ಮೊದಲನೆಯ ಅರ್ಥವನ್ನು ನೋಡಿದೊಡನೆ ಪುಟವನ್ನು ಮುಚ್ಚಬಾರದು. ಎರಡನೆಯದು, ಐದನೆಯದು, ಒಂಬತ್ತನೆಯದು ಇವುಗಳನ್ನೂ ಓದಬೇಕು. ಬೇಕಾದುದು ಎಷ್ಟೋ ಸಲ ಕೊನೆಯಲ್ಲಿ ಕುಳಿತಿರುತ್ತದೆ.

ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ನಾಲ್ಕು ಪದಗಳು ಬೇಕಾಗುವುದನ್ನು ಕಂಡು ಕೆಲವರು ನಮ್ಮ ಭಾಷೆಯ ಕೊರತೆಯೆಂದು ವ್ಯಸನಪಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಸಂತಾನ, ಸಂಚಿಕೆ, ಸ್ರಾವ, ವಿವಾದಾಂಶ ಎಂದು ನಾಲ್ಕು ಹೆಸರುಗಳಿರುವಲ್ಲಿ ಯಾವ ವಿಧವೆಯೂ ದಾರಿತಪ್ಪಿ ಅಳುವ ಪ್ರಸಂಗ ಬಾರದು. ‘ಹರಿ’ಯಲ್ಲಿಯೂ ‘ಕಾಗದ’ದಲ್ಲಿಯೂ ‘ಕಚೇರಿ’ಯಲ್ಲಿಯೂ ನಾವು ಹಲವರನ್ನು ಒಂದೇ ಮನೆಯಲ್ಲಿಟ್ಟು ಸಾಕುತ್ತಿಲ್ಲವೆ? ಪ್ರತಿಯೊಂದು ಭಾಷೆಯೂ ಕೆಲವರನ್ನು ಕೂಡಿಸುತ್ತದೆ, ಕೆಲವರನ್ನು ಬೇರೆ ಮಾಡುತ್ತದೆ. ಕೂಡುಕುಟುಂಬದಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಮನೆಗೆ ಹೋದಾಗ, ಹೆಸರು ಹಿಡಿದು ಕೂಗಿದೊಡನೆ ಬಾಗಿಲಿಗೆ ಬಂದವರು ನಮಗೆ ಬೇಕಾದವರೇ ಹೌದೆ ಎಂದು ಒಮ್ಮೆ ವಿಚಾರಿಸಿಕೊಳ್ಳುತ್ತೇವೆ. ಪದಗಳ ವಿಷಯದಲ್ಲಿಯೂ ಅಷ್ಟು ಮರ್ಯಾದೆಯನ್ನು ನಡೆಸಿದರೆ ಸಾಕೆಂದು ನನ್ನ ವಿಜ್ಞಾಪನೆ.